31ನೇ ಹಂತ ಬಿಡಿಸಿದ ರಾತ್ರಿ

ಕುವೆಂಪುನಗರ, ಮೈಸೂರು

ಪ್ರೀತಿಯ ಗೆಳೆಯಾ,

ನಿನ್ನ ಮಗನಿಗೆ ಮೊಬೈಲ್ ಕೊಡಬಹುದೇ, ಕೊಟ್ಟರೆ ಯಾವ ಆಟ ಹಾಕಿಕೊಡಬೇಕು ಎಂದು ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದೆ. ಪತ್ರದಲ್ಲಿ ಬರೆಯುತ್ತೇನೆ ಎಂದು ನಾನು ಹೇಳಿದ್ದೆ. ಇದೇ ಪ್ರಶ್ನೆ ಹೊತ್ತುಕೊಂಡಿರುವ ಅಪ್ಪ ಅಮ್ಮಂದಿರು ಇನ್ನೂ ಬಹಳ ಮಂದಿ ಇದ್ದಾರೆಂದು ಎಲ್ಲರಿಗೂ ಕಾಣುವಂತೆಯೇ ಬರೆಯುತ್ತಿದ್ದೇನೆ. ಛತ್ರಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ನನ್ನ ಮಗಳು ಪುಟ್ಟಿ ಆಡುವುದು ವಾಹನ ಸರಿಸುವ ಒಗಟು. ಉದ್ದಕ್ಕೆ ಆರು, ಅಡ್ಡಕ್ಕೆ ಆರು ಮನೆ. ಕಾರು ಎರಡು ಮನೆ ಹಿಡಿಯುತ್ತದೆ, ಲಾರಿ ಮೂರು. ಯಾವುದೂ ತಿರುಗುವಂತಿಲ್ಲ, ನಿಂತ ಸಾಲಿನಲ್ಲೇ ಮುಂದೆ ಅಥವಾ ಹಿಂದೆ ಹೋಗಬೇಕು. ಕೆಂಪು ಕಾರನ್ನು ಬಲಗಡೆಯ ಬಾಗಿಲಿನಿಂದ ಹೊರಗೆ ತಂದರೆ ಆ ಹಂತ ಮುಗಿಯಿತು. ಜಪಾನಿನ ನೋಬ್ ಯೋಶಿಗಹಾರ ಎಂಬ ಒಗಟುಗಾರ 1970ರ ದಶಕದಲ್ಲಿ ಕಟ್ಟಿದ ಆಟ ಇದು. 1996ರಲ್ಲಿ ‘ರಶ್ ಅವರ್’ ಎಂಬ ಹೆಸರಿನ ಆಟಿಕೆಯಾಗಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಈಗ ಮೊಬೈಲಿನಲ್ಲಿ ಅದರ ತದ್ರೂಪಗಳು ಬೇಕಾದಷ್ಟಿವೆ. ನಮ್ಮ ಮನೆಯಲ್ಲಿ ಮಾತ್ರ ಅದರ ಹೆಸರು ‘ಸಯ್ಯಾಜಿರಾವ್ ರಸ್ತೆ ಆಟ’. ದಸರೆಯ ಹಿಂದಿನ ವಾರ ದೇವರಾಜ ಮಾರುಕಟ್ಟೆಯ ಮುಂದೆ ನಮ್ಮ ಆಟೊ ಮುಕ್ಕಾಲು ಗಂಟೆ ಅಲುಗಾಡದೆ ನಿಂತ ಮೇಲೆ ಅವಳೇ ಇಟ್ಟ ಹೆಸರು.

ಇದಕ್ಕೂ ಮೊದಲು ನಾಲ್ಕು ಆಟಗಳನ್ನು ಹಾಕಿ ತೆಗೆದೆ. ಹಣ ಕೇಳದ ಆಟಗಳು ಎರಡು ನಿಮಿಷಕ್ಕೊಮ್ಮೆ ಜಾಹೀರಾತು ತೋರಿಸುತ್ತವೆ, ಅದನ್ನು ಮುಚ್ಚುವ ಗುರುತು ಮಗುವಿನ ಬೆರಳಿಗೆ ಸಿಗದಷ್ಟು ಚಿಕ್ಕದು. ಈ ಆಟಕ್ಕೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಗಡಿಯಾರವಿಲ್ಲ, ಅಂಕಗಳಿಲ್ಲ, ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಧೈರ್ಯವಾಗಿ ಕೊಡು. ಒಂದು ಕೆಲಸ ಮಾತ್ರ ಮಾಡು: ಮೂಲೆಯಲ್ಲಿರುವ ದೀಪದ ಗುರುತನ್ನು ಒತ್ತಿದರೆ ಮುಂದಿನ ನಡೆ ತೋರಿಸುತ್ತದೆ, ಅದನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಆಫ್ ಮಾಡಿಬಿಡು.

ಅವಳು ಆಡುವುದನ್ನು ನೀನು ನೋಡಬೇಕಿತ್ತು. ಸೋಫಾದ ಮೇಲೆ ಬೋರಲು ಮಲಗಿ, ಪರದೆಗೆ ಮೂಗು ತಾಗಿಸಿ, "ಲಾರಿ ಮಾಮ, ಸ್ವಲ್ಪ ಹಿಂದೆ ಹೋಗಿ, ಇವರಿಗೆ ಆಫೀಸಿಗೆ ಹೊತ್ತಾಯಿತು" ಎಂದು ಬೇಡಿಕೊಳ್ಳುತ್ತಾಳೆ. ಕಷ್ಟದ ಹಂತಗಳಲ್ಲಿ, ಬಹಳ ಪಾಡುಪಟ್ಟು ದೂರ ಸರಿಸಿದ ಲಾರಿಯನ್ನೇ ಮತ್ತೆ ಹಳೆಯ ಜಾಗಕ್ಕೆ ತಂದು ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಕೆಂಪು ಕಾರಿಗೆ ದಾರಿ ಸಿಗುವುದಿಲ್ಲ. ಅದು ಹೊಳೆದ ದಿನ ಅವಳು ಎದ್ದು ಕುಳಿತು ನನ್ನನ್ನೇ ನೋಡಿದಳು, ಯಾರೋ ಅವಳಿಗೆ ಗುಟ್ಟೊಂದನ್ನು ಹೇಳಿ ಹೋದ ಹಾಗೆ.

31ನೇ ಹಂತದಲ್ಲಿ ಸಿಕ್ಕಿಕೊಂಡಳು. ನಾಲ್ಕು ದಿನ. ನಾಲ್ಕನೆಯ ರಾತ್ರಿ ಸಿಡುಕಿಕೊಂಡೇ ಊಟ ಮಾಡಿ ಮಲಗಿದಳು. ನನಗೆ ನೋಡಲಾಗಲಿಲ್ಲ. ಹನ್ನೊಂದು ಗಂಟೆಗೆ ಮೊಬೈಲ್ ತೆಗೆದು ನಾನೇ ಬಿಡಿಸಿಟ್ಟೆ. ಬೆಳಿಗ್ಗೆ 32 ಕಂಡರೆ ಕುಣಿಯುತ್ತಾಳೆ ಎಂದುಕೊಂಡಿದ್ದೆ. ತೆರೆದು ನೋಡಿದವಳು ಕೂಗಲಿಲ್ಲ. "ಅಪ್ಪಾ, ಅದು ನನ್ನದಾಗಿತ್ತು" ಎಂದಳು. ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು ಹಲ್ಲುಜ್ಜಲು ಹೋದಳು.

ಅಂದಿನಿಂದ ನನಗೆ ಸಮಾಧಾನವಿಲ್ಲ. ಅವಳು ಶೂ ಲೇಸು ಕಟ್ಟುವಾಗ ನಡುವೆ ಕೈ ಹಾಕುವವನು ನಾನು. ಪದ ಹುಡುಕುತ್ತಾ ತಡವರಿಸಿದರೆ ವಾಕ್ಯ ಮುಗಿಸಿಕೊಡುವವನೂ ನಾನೇ. ಎಲ್ಲವೂ ಪ್ರೀತಿಯಿಂದಲೇ. ಆದರೆ ಅವಳ ನಾಲ್ಕು ದಿನದ ತಿಣುಕಾಟವನ್ನು ನಾನು ಐದು ನಿಮಿಷದಲ್ಲಿ ಕಿತ್ತುಕೊಂಡೆ.

ನೆನಪಿದೆಯೇ, ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದ್ದರು ಎಂದು ಮೇಷ್ಟ್ರು ಹೇಳಿದ ದಿನ ನಾವಿಬ್ಬರೂ ಲೆಕ್ಕದ ಪುಸ್ತಕದಲ್ಲಿ ಮನೆ ಗೀರಿ ಕುಳಿತದ್ದು? ನಾನು ಪ್ರತಿಸಲ 57ಕ್ಕೆ ಬಂದು ನಿಲ್ಲುತ್ತಿದ್ದೆ. ನೀನು ಮೂರನೆಯ ದಿನವೇ ಮುಗಿಸಿದ್ದೆ. ಅದನ್ನು ಹೇಳದೆ, ನಾನು ಮುಗಿಸುವವರೆಗೆ ಹತ್ತು ದಿನ ಚೀಲದಲ್ಲಿ ಮುಚ್ಚಿಟ್ಟುಕೊಂಡಿದ್ದೆ. ಅದು ಎಷ್ಟು ದೊಡ್ಡ ಗೆಳೆತನ ಎಂದು ನನಗೆ ಈಗ ತಿಳಿಯುತ್ತಿದೆ.

ಇದುವರೆಗೆ ನಿನಗೂ ಹೇಳದ ಒಂದು ಮಾತಿದೆ. ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿ ಅರ್ಜಿ ತಂದಾಗ, ಯಾವ ವಿಭಾಗ ಎಂಬ ಜಾಗವನ್ನು ಮೂರು ದಿನ ಖಾಲಿ ಬಿಟ್ಟಿದ್ದೆ. ವಿಜ್ಞಾನವೋ ಇತಿಹಾಸವೋ ತೀರ್ಮಾನವಾಗಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅಪ್ಪನ ದುಂಡನೆಯ ಅಕ್ಷರದಲ್ಲಿ ‘ವಿಜ್ಞಾನ’ ಎಂದು ಬರೆದಿತ್ತು. ನನ್ನ ಒದ್ದಾಟ ಅವರಿಗೂ ನೋಡಲಾಗಿರಲಿಲ್ಲ, ಅಷ್ಟೇ. ಆ ವಿಜ್ಞಾನವೇ ಇಂದು ಅನ್ನ ಹಾಕುತ್ತಿದೆ. ಅಪ್ಪ ಹೋಗಿ ಆರು ವರ್ಷವಾಯಿತು, ಅವರ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ಆದರೆ ಆ ಖಾಲಿ ಜಾಗದಲ್ಲಿ ನಾನು ಏನು ಬರೆಯುತ್ತಿದ್ದೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಮೊಬೈಲ್ ಆಟದ ಬಗ್ಗೆ ಕೇಳಿದವನಿಗೆ ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ಇರಲಿ ಬಿಡು. ದಸರೆಗೆ ಮಗನನ್ನು ಕರೆದುಕೊಂಡು ಬಾ, ನಜರಬಾದಿಗೆ ಹೋಗಿ ಬೆಣ್ಣೆ ದೋಸೆ ತಿನ್ನೋಣ. ಛತ್ರಿ ತರುವುದನ್ನು ಮರೆಯಬೇಡ.

ಆಟದಲ್ಲಿ ಮುಗಿದ ಹಂತವನ್ನು ಮೊದಲಿನಿಂದ ಆಡಲು ಬರುತ್ತದೆ. ಪುಟ್ಟಿ 32ನ್ನು ಮುಟ್ಟಿಲ್ಲ, ಹಿಂದಕ್ಕೆ ಹೋಗಿ 31ನ್ನೇ ಹಿಡಿದು ಕುಳಿತಿದ್ದಾಳೆ. ಇಂದಿಗೆ ಆರನೆಯ ದಿನ. ಒಳಗಿನ ಕೋಣೆಯಿಂದ "ಲಾರಿ ಮಾಮ, ಇನ್ನೊಂದೇ ಒಂದು ಮನೆ" ಎನ್ನುವುದು ಕೇಳಿಸುತ್ತಿದೆ. ಯಾವ ಲಾರಿ ಎಂದು ನನಗೆ ಗೊತ್ತು. ನಾನು ಎದ್ದು ಹೋಗುತ್ತಿಲ್ಲ.

ನಿನ್ನ,
57ರ ಗೆಳೆಯ