ಮಳೆ ಬಂದರೆ ಡಿಶ್ ಇಲ್ಲ, ಮರ ಬಿದ್ದರೆ ಕೇಬಲ್ ಇಲ್ಲ

ಮಾನ್ಯ ಸಂಪಾದಕರೇ,

ಕೇಬಲ್ ಕಾಲ ಮುಗಿಯಿತು, ಇನ್ನೇನಿದ್ದರೂ ಡಿಶ್ ಅಥವಾ ಮೊಬೈಲ್ ಎನ್ನುವವರು ಈಗ ಜಾಸ್ತಿ. ಹೀಗೆ ಹೇಳುವವರು ಹೆಚ್ಚಾಗಿ ಬೆಂಗಳೂರಿನಲ್ಲಿ ಇರುತ್ತಾರೆ. ಮಳೆ ಜಡಿಯುವ ಆಟಿ ತಿಂಗಳಲ್ಲಿ ಒಂದು ವಾರ ಉಡುಪಿಗೆ ಬಂದು ಟಿವಿ ನೋಡಲಿ, ಆಮೇಲೆ ಮಾತಾಡೋಣ.

ನಮ್ಮದು ಪರ್ಕಳ. ಆರು ವರ್ಷ ಡಿಶ್ ಇಟ್ಟುಕೊಂಡು ಹೋದ ವರ್ಷ ಪುನಃ ಕೇಬಲ್‌ಗೆ ಬಂದವರು ನಾವು. ಡಿಶ್ ಹಾಕಿಸಿದಾಗ ಚಿತ್ರ ಕನ್ನಡಿಯ ಹಾಗಿತ್ತು, ಸುಳ್ಳು ಹೇಳುವುದಿಲ್ಲ. ಜೂನ್ ಬಂತು. ಸಂಜೆ ಏಳಕ್ಕೆ ಅತ್ತೆಯ ಧಾರಾವಾಹಿ ಶುರುವಾಗುವುದಕ್ಕೂ ಮಳೆ ಜಡಿಯುವುದಕ್ಕೂ ಸರಿ. ಮೊದಲು ನಾಯಕಿಯ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು, ಮಾತು ಕತ್ತರಿಸಿದ ಹಾಗೆ ಕೇಳುತ್ತಿತ್ತು. ಕೊನೆಗೆ ನೀಲಿ ಪರದೆ, ಸಿಗ್ನಲ್ ಇಲ್ಲ. "ಮಳೆ ಬರುವುದು ಹೊರಗೆ. ಟಿವಿಯ ಒಳಗೆ ಎಂತಕ್ಕೆ?" ಎಂದು ಅತ್ತೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಕೊಟ್ಟದ್ದು ಕೇಬಲ್ ಹುಡುಗ. ಮನೆಯ ಡಿಶ್‌ಗೆ ಉಪಗ್ರಹದಿಂದ ಬರುವುದು ಕೂ ಬ್ಯಾಂಡ್ (Ku) ಎಂಬ ರೇಡಿಯೊ ಅಲೆ. ಅದರ ಉದ್ದ ಎರಡೂವರೆ ಸೆಂಟಿಮೀಟರ್ ಅಷ್ಟೇ, ದಪ್ಪ ಹನಿಯ ಮಳೆ ಅದನ್ನು ಸುಲಭವಾಗಿ ನುಂಗುತ್ತದೆ. ಕೇಬಲ್‌ನವರು ಕಂಟ್ರೋಲ್ ರೂಮಿನಲ್ಲಿ ಹೆಚ್ಚಾಗಿ ಹಿಡಿಯುವುದು ಸಿ ಬ್ಯಾಂಡ್. ಅದರ ಅಲೆ ಮೂರು ಪಟ್ಟು ಉದ್ದ, ಹಿಡಿಯುವ ತಟ್ಟೆಯೂ ಆಳೆತ್ತರ ಮೀರಿದ್ದು. ಮಳೆಗೆ ಅಷ್ಟಾಗಿ ಬಗ್ಗುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ? ಡಿಶ್ ಮಾರಲು ಬಂದವರು ಮಾತ್ರ ಇದನ್ನು ಹೇಳಿರಲಿಲ್ಲ. ಅವರು ಬಂದದ್ದು ಫೆಬ್ರವರಿಯಲ್ಲಿ.

ಹಾಗಂತ ಕೇಬಲ್ ದೇವರಲ್ಲ. ನಮ್ಮ ಮನೆಗೆ ಬರುವ ಕಪ್ಪು ವಯರು ಪಕ್ಕದ ಮನೆಯವರ ಹಲಸಿನ ಮರಕ್ಕೆ ಎರಡು ಸುತ್ತು ಹಾಕಿಕೊಂಡು ಬರುತ್ತದೆ. ಜುಲೈನಲ್ಲಿ ಗಾಳಿಗೆ ಕೊಂಬೆ ಮುರಿದು ವಯರು ಅಂಗಳದಲ್ಲಿ ಬಿದ್ದಿತ್ತು. ಫೋನ್ ಮಾಡಿದೆ. "ಅಕ್ಕ, ಇಲ್ಲಿ ನಾಲ್ಕು ಕಡೆ ಮರ ಬಿದ್ದಿದೆ, ಸಂಜೆಯೊಳಗೆ ಬರ್ತೇನೆ" ಅಂದ. ಸಂಜೆ ಬರಲಿಲ್ಲ, ಮರುದಿನ ಬೆಳಿಗ್ಗೆ ಬಂದ. ರೈನ್‌ಕೋಟ್ ತೊಟ್ಟು, ಏಣಿ ಒರಗಿಸಿ ಹತ್ತಿ, ವಯರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಎಳೆದು, ಹೊಸ ಪಿನ್ನು ಹಾಕಿ, ಕಪ್ಪು ಟೇಪು ಸುತ್ತಿದ. ಹತ್ತು ನಿಮಿಷ. ಡಿಶ್ ಕಾಲದಲ್ಲಿ ಇದೇ ಕೆಲಸಕ್ಕೆ ಫೋನಿನಲ್ಲಿ ಕನ್ನಡಕ್ಕೆ ಇಷ್ಟು ಒತ್ತಿ, ದೂರಿಗೆ ಅಷ್ಟು ಒತ್ತಿ ಎಂದು ಒತ್ತಿ ಒತ್ತಿ, ಬಂದವನಿಗೆ ಮನೆಗೆ ಬಂದ ಚಾರ್ಜನ್ನೂ ಕೊಡಬೇಕಿತ್ತು. ಅವನು ನೋಡಿ ಹೇಳಿದ್ದು ಇಷ್ಟೇ: ತೆಂಗಿನ ಗರಿ ಅಡ್ಡ ಬಂದಿದೆ, ಕಡಿಸಿ.

ಹಣದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅಂದರೆ ಹಲವರು ನಂಬುವುದಿಲ್ಲ. 2019ರ ಫೆಬ್ರವರಿಯಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ ಪ್ರತಿ ಪೇ ಚಾನೆಲ್‌ಗೂ (ಹಣ ಕೊಟ್ಟು ನೋಡುವಂಥದ್ದು) ಒಂದು ಗರಿಷ್ಠ ಬೆಲೆ ಉಂಟು. ಡಿಶ್‌ಗೂ ಅದೇ, ಕೇಬಲ್‌ಗೂ ಅದೇ. ಅದರ ಮೇಲೆ ಚಾನೆಲ್ ಮನೆಗೆ ತಲುಪಿಸುವುದಕ್ಕೆ ನೆಟ್‌ವರ್ಕ್ ಶುಲ್ಕ. ಆಗ ಮೊದಲ 100 ಚಾನೆಲ್‌ಗೆ ಅದು ತೆರಿಗೆ ಬಿಟ್ಟು 130 ರೂಪಾಯಿ ದಾಟುವಂತಿರಲಿಲ್ಲ, 2024ರಲ್ಲಿ ಆ ಮಿತಿಯನ್ನೂ ತೆಗೆದರು. ವ್ಯತ್ಯಾಸ ಬೇರೆ ಕಡೆ ಇದೆ. ಡಿಶ್‌ನಲ್ಲಿ ಹಣ ಮುಗಿದರೆ ಚಿತ್ರವೂ ಮುಗಿಯಿತು. ಕೇಬಲ್ ಹುಡುಗ "ಇರ್ಲಿ ಅಕ್ಕ, ಮುಂದಿನ ವಾರ ಕೊಡಿ" ಅನ್ನುತ್ತಾನೆ.

ಡಿಶ್ ಬಿಟ್ಟರೆ ಬೇರೆ ದಾರಿಯೇ ಇಲ್ಲದವರೂ ಇದ್ದಾರೆ. ನನ್ನ ತವರು ಹೆಬ್ರಿ ಕಡೆ. ತೋಟದ ನಡುವೆ ಒಂಟಿ ಮನೆ. ಒಂದು ಮನೆಗಾಗಿ ಯಾವ ಕೇಬಲ್‌ನವರು ಮೈಲಿಗಟ್ಟಲೆ ವಯರು ಎಳೆಯುತ್ತಾರೆ? ಅಲ್ಲಿ ಇರುವುದು ದೂರದರ್ಶನದ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ, ಅಣ್ಣನಿಗೆ ಅಷ್ಟು ಸಾಕು. ಮಂಗಳೂರಿನ ಕದ್ರಿಯಲ್ಲಿರುವ ತಂಗಿಯದ್ದು ಉಲ್ಟಾ ಕಥೆ. ಅವಳ ಫ್ಲ್ಯಾಟಿನ ಬಾಲ್ಕನಿ ಪಶ್ಚಿಮಕ್ಕೆ, ಸಮುದ್ರ ಕಾಣುತ್ತದೆ. ಡಿಶ್‌ನವರ ಉಪಗ್ರಹ ಇರುವುದು ಆಗ್ನೇಯಕ್ಕೆ. ತಾರಸಿಯಲ್ಲಿ ತೂತು ಕೊರೆಯಲು ಅಸೋಸಿಯೇಷನ್ ಬಿಡಲಿಲ್ಲ. ಅವಳು ಕೇಬಲ್ ಆರಿಸಿದ್ದಲ್ಲ, ಬಾಲ್ಕನಿ ಆರಿಸಿದ್ದು.

ನಾವು ವಾಪಸ್ ಬಂದದ್ದಕ್ಕೆ ನಿಜವಾದ ಕಾರಣ ಮಳೆಯೂ ಅಲ್ಲ, ಪರ್ಯಾಯ ಉತ್ಸವ, ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ದಿನ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವಾಗ ಅತ್ತೆ ಕಂಬಳಿ ಹೊದ್ದು ಟಿವಿ ಎದುರು ಕೂರಬೇಕು. ಕಾಲು ನೋವು, ರಥಬೀದಿಯ ಜನದಲ್ಲಿ ನಿಲ್ಲಲು ಆಗುವುದಿಲ್ಲ. ಇಡೀ ಮೆರವಣಿಗೆ ತೋರಿಸುವುದು ನಮ್ಮ ಲೋಕಲ್ ಚಾನೆಲ್. ಅದು ಉಪಗ್ರಹಕ್ಕೆ ಹೋಗುವುದೇ ಇಲ್ಲ, ಕಂಟ್ರೋಲ್ ರೂಮಿನಿಂದ ನೇರ ವಯರಿಗೆ. ಡಿಶ್‌ನಲ್ಲಿ ಇನ್ನೂರು ಚಾನೆಲ್ ಇದ್ದೂ ಅತ್ತೆಗೆ ಬೇಕಾದ ಒಂದು ಇರಲಿಲ್ಲ. ಕಂಬಳ, ಬಯಲಾಟ, ಭೂತದ ನೇಮ ಎಲ್ಲದರದ್ದೂ ಇದೇ ಕಥೆ. ಮೊಬೈಲಿನಲ್ಲಿ ಲೈವ್ ಬರುತ್ತದೆ ಅನ್ನುತ್ತೀರಿ. ಎಂಬತ್ತು ದಾಟಿದ ಕಣ್ಣಿಗೆ ಅಂಗೈಯಗಲದ ಪರದೆಯಲ್ಲಿ ಎಂತ ಕಾಣುತ್ತದೆ ಮಾರಾಯ್ರೆ?

ಕೇಬಲ್‌ನವರಲ್ಲಿ ನನ್ನದೊಂದು ತಕರಾರು ಉಂಟು. ನಾನು ಕೊಡುವ ಹಣಕ್ಕೆ ಯಾವ ಯಾವ ಚಾನೆಲ್ ಬರುತ್ತದೆ, ಯಾವುದಕ್ಕೆ ಎಷ್ಟು ಎಂದು ಬರೆದ ಒಂದು ಚೀಟಿ ಬೇಕು. ಬೇಡದ ಕ್ರೀಡಾ ಚಾನೆಲ್ ತೆಗೆಸುವುದು ನನ್ನ ಹಕ್ಕು, ಆದರೆ ಪಟ್ಟಿಯೇ ಕೈಯಲ್ಲಿ ಇಲ್ಲದಿದ್ದರೆ ತೆಗೆಸುವುದು ಯಾವುದನ್ನು? ಡಿಶ್‌ನಲ್ಲಿ ಈ ಲೆಕ್ಕ ಮೊಬೈಲಿನಲ್ಲೇ ಸಿಗುತ್ತಿತ್ತು. ಈ ತಿಂಗಳು ಹುಡುಗ ಬಂದಾಗ ರಸೀದಿಯಾದರೂ ಕೊಡು ಮಾರಾಯ ಎಂದು ಕೇಳಿದೆ. "ಪುಸ್ತಕ ಮುಗಿದಿದೆ ಅಕ್ಕ" ಅಂದ. ದೀಪಾವಳಿಗೂ ಅದೇ ಹೇಳಿದ್ದ.

– ಓದುಗಿ, ಪರ್ಕಳ, ಉಡುಪಿ