ಮಗುವಿನ ಉಸಿರನ್ನು ಎಣಿಸಿ ನೋಡು

ಪ್ರೀತಿಯ ಗೆಳೆಯಾ,

ಮಗನಿಗೆ ನಾಲ್ಕು ತಿಂಗಳು ತುಂಬಿತೆಂದು ನೀನು ಬರೆದಿದ್ದೆ. ಓದಿ ತುಂಬಾ ಸಂತೋಷವಾಯಿತು. ಕಳೆದ ವಾರ ಅವನಿಗೆ ಮೂಗು ಕಟ್ಟಿ ಎದೆಯಲ್ಲಿ ಗೊರಗೊರ ಎನ್ನುತ್ತಿತ್ತು, ಜ್ವರವಿರಲಿಲ್ಲವಾದ್ದರಿಂದ ತಲೆಕೆಡಿಸಿಕೊಳ್ಳಲಿಲ್ಲ ಎಂದೂ ಬರೆದಿದ್ದೆ. ಆ ಸಾಲಿಗೆ ಬಂದು ನಿಂತುಬಿಟ್ಟೆ. ನಾನೂ ಒಮ್ಮೆ ಹಾಗೆಯೇ ಅಂದುಕೊಂಡಿದ್ದೆ.

ಮಗಳಿಗೆ ಆಗ ಏಳು ತಿಂಗಳು. ಹೊರಗೆ ಬಿಡದ ಮಳೆ. ಮೊದಲೆರಡು ದಿನ ಬರೀ ನೆಗಡಿ. ಮೂರನೆಯ ದಿನ ಎರಡು ಗುಟುಕು ಹಾಲು ಕುಡಿದು ಬಾಯಿ ಬಿಡುತ್ತಿದ್ದಳು, ಅಳುತ್ತಿದ್ದಳು. ಹಲ್ಲು ಬರುತ್ತಿರಬೇಕು ಎಂದೆ. ರಾತ್ರಿ ಅಮ್ಮ ಅವಳ ಅಂಗಿ ಎತ್ತಿ ನನ್ನನ್ನು ಕೂಗಿದಳು: "ಇಲ್ಲಿ ನೋಡು, ಪಕ್ಕೆ ಒಳಗೆ ಹೋಗುತ್ತಿದೆ." ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮೈ ಮುಟ್ಟಿದರೆ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಕಾಲ್ಬೆರಳಿಗೆ ಕಟ್ಟಿದ ಯಂತ್ರ ರಕ್ತದ ಆಮ್ಲಜನಕ ಶೇಕಡ 87 ಎಂದು ತೋರಿಸಿತು, ಇರಬೇಕಾದದ್ದಕ್ಕಿಂತ ತೀರಾ ಕಡಿಮೆ. ಐದು ದಿನ ಅಲ್ಲಿದ್ದೆವು. ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸನಾಳದ ಸಣ್ಣ ಕವಲುಗಳ ಊತ ಎಂದರು. ಹೆಚ್ಚಾಗಿ ಆರ್‌ಎಸ್‌ವಿ ಎಂಬ ವೈರಸ್‌ನಿಂದ ಬರುತ್ತದಂತೆ. ಮೂಗಿಗೆ ಆಮ್ಲಜನಕ, ನಳಿಕೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಲು, ಆಗಾಗ ಕಫ ತೆಗೆಯುವುದು, ಇಷ್ಟೇ. ಆಂಟಿಬಯಾಟಿಕ್ ಯಾಕೆ ಕೊಡುವುದಿಲ್ಲವೆಂದು ನಾನು ವೈದ್ಯೆಯ ಮೇಲೆ ರೇಗಿದೆ. ಆಕೆ ಬೇಸರಿಸದೆ ಒಂದು ಕಾಗದದ ಮೇಲೆ ಕೊಳವೆ ಬರೆದು ತೋರಿಸಿದರು. ವೈರಸ್‌ಗೆ ಆ ಔಷಧಿ ನಾಟುವುದಿಲ್ಲ. ಕೂಸಿನ ಶ್ವಾಸನಾಳದ ಕವಲುಗಳು ಮೊದಲೇ ಎಳೆಯಷ್ಟು ಸಣ್ಣ, ಅವು ಊದಿಕೊಂಡು ಅಗಲ ಅರ್ಧಕ್ಕಿಳಿದರೆ ಗಾಳಿಗಾಗುವ ಅಡ್ಡಿ ಸುಮಾರು 16 ಪಟ್ಟು ಏರುತ್ತದೆ. ಊತ ಇಳಿಯುವವರೆಗೆ ಮಗುವಿಗೆ ಆಸರೆಯಾಗಿರಬೇಕು. ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ಬೇರೆ, ಅಲ್ಲಿ ಅದೇ ಆಂಟಿಬಯಾಟಿಕ್ ಜೀವ ಉಳಿಸುತ್ತದೆ. ಯಾವುದು ಯಾವುದೆಂದು ವೈದ್ಯರೇ ಹೇಳಬೇಕು, ಮನೆಯಲ್ಲಿ ಉಳಿದ ಬಾಟಲಿಯಿಂದ ನಾವು ಕುಡಿಸುವುದಲ್ಲ.

ಪಕ್ಕದ ಹಾಸಿಗೆಯಲ್ಲಿ ಎರಡು ವರ್ಷದ ಹುಡುಗನಿದ್ದ, ನ್ಯುಮೋನಿಯಾ. ನಾಲ್ಕು ದಿನ ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್ ಕುಡಿಸಿ ಬಂದಿದ್ದರು. ಮನೆಯಲ್ಲಿ ಯಾವ ಒಲೆ ಎಂದು ನರ್ಸ್ ಅವನ ತಾಯಿಯನ್ನು ಕೇಳಿದರು. ಸೌದೆ ಒಲೆ, ಒಂದೇ ಕೋಣೆ. ಮನೆಯೊಳಗಿನ ಹೊಗೆ ಮಕ್ಕಳಲ್ಲಿ ನ್ಯುಮೋನಿಯಾದ ಅಪಾಯವನ್ನು ಹೆಚ್ಚುಕಡಿಮೆ ಇಮ್ಮಡಿಸುತ್ತದೆ. ಕೇಳುತ್ತ ಕುಳಿತಿದ್ದ ನನಗೆ ನಮ್ಮ ಮನೆಯ ಸಾಂಬ್ರಾಣಿ ನೆನಪಾಯಿತು. ಎರೆದ ಮೇಲೆ ದಿನವೂ ಮಗಳಿಗೆ ಹೊಗೆ ಹಾಕುತ್ತಿದ್ದೆವು. ಅಮ್ಮನಿಗೆ ಹೇಳಿದಾಗ ಒಂದು ಮಾತೂ ಆಡದೆ ಅಗ್ಗಿಷ್ಟಿಕೆಯನ್ನು ಅಟ್ಟಕ್ಕೆ ಏರಿಸಿದಳು. ನಿಮ್ಮ ಮನೆಯಲ್ಲೂ ಇದ್ದರೆ ಹೇಳಲು ಸಂಕೋಚಪಡಬೇಡ. ಮೂಗಿಗೆ ಎಣ್ಣೆ ಬಿಡುವುದೂ ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಇನ್ನು ನಿನಗೆ ಹೇಳಲೇಬೇಕಾದದ್ದು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಸರಿಸಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸು. ಎರಡು ತಿಂಗಳಾಗದ ಮಗುವಿಗೆ 60, ನಿನ್ನ ಮಗನಂತೆ ಎರಡು ತಿಂಗಳಿಂದ ವರ್ಷದೊಳಗಿದ್ದರೆ 50, ಆಮೇಲೆ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದೇ ದಿನ ವೈದ್ಯರಿಗೆ ತೋರಿಸು. ಪಕ್ಕೆ ಸೆಳೆತ, ಹಾಲು ಕುಡಿಯದಿರುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡ. ಜ್ವರ ಇದೆಯೋ ಇಲ್ಲವೋ ಎಂದು ನೋಡುತ್ತ ಕೂರಬೇಡ.

ತಾಯಿ ಕಾರ್ಡನ್ನೂ ಒಮ್ಮೆ ತೆಗೆದು ನೋಡು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಪಿಸಿವಿ ಲಸಿಕೆ ಇದೆ. 2021ರಿಂದ ದೇಶದಾದ್ಯಂತ ಸರ್ಕಾರವೇ ಉಚಿತವಾಗಿ ಕೊಡುತ್ತಿದೆ. ಆರ್‌ಎಸ್‌ವಿಯನ್ನು ಅದು ತಡೆಯುವುದಿಲ್ಲ, ಆದರೆ ನ್ಯುಮೋನಿಯಾ ತರುವ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಕಾಪಾಡುತ್ತದೆ. ಎರಡನೆಯ ಡೋಸ್ ಆಗಿದೆಯೇ?

ಇವತ್ತು ರಾತ್ರಿ ಅವನು ಮಲಗಿದ ಮೇಲೆ ಒಮ್ಮೆ ಎಣಿಸಿ, ಎಷ್ಟು ಬಂತೆಂದು ನನಗೆ ಬರೆ.

ನಿನ್ನ
ಗೆಳೆಯ