ಹಳೇ ಸ್ಪೋರ್ಟ್ಸ್ ಕಾರಿಗೆ ಕಿಮೀ ಅಲ್ಲ, ವರ್ಷ ನೋಡಿ

ಸಂಪಾದಕರೇ ನಮಸ್ಕಾರ,

ಸೆಕೆಂಡ್ ಹ್ಯಾಂಡ್ ಗಾಡಿಗಳ ಜಾಹೀರಾತಲ್ಲಿ ಹಳೇ ಸ್ಪೋರ್ಟ್ಸ್ ಕಾರು ಆಗಾಗ ಕಾಣ್ತವೆ, ಎಲ್ಲದ್ರಲ್ಲೂ ಅದೇ ಸಾಲು, ‘ಓಡಿರೋದು ತುಂಬಾ ಕಮ್ಮಿ’. ಅದನ್ನ ನಂಬ್ಕೊಂಡು ಟೈಮಿಂಗ್ ಬೆಲ್ಟ್ (ಪಿಸ್ಟನ್ ಓಟಕ್ಕೆ ಸರಿಯಾಗಿ ಇಂಜಿನ್ ವಾಲ್ವುಗಳನ್ನ ತೆರೆದು ಮುಚ್ಚಿಸೋ ರಬ್ಬರ್ ಬೆಲ್ಟು) ಬದಲಾಯಿಸೋ ದೊಡ್ಡ ಸರ್ವಿಸ್ ಈಗ್ಲೇ ಯಾಕೆ ಅಂತ ಮುಂದಕ್ಕೆ ಹಾಕೋರಿಗೋಸ್ಕರ ಈ ಪತ್ರ.

ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, 150 ಹಾರ್ಸ್ ಪವರ್, 2004ರಲ್ಲಿ ಇಲ್ಲಿಗೆ ಬಂದಾಗ ಕಾಲೇಜಲ್ಲಿದ್ದ ನಮ್ಮಂಥೋರಿಗೆ ಕನಸಿನ ಗಾಡಿ. ಮನೆಮಂದಿಯೆಲ್ಲ ಕೂರಬಹುದು ಅನ್ನೋದು ಬಿಟ್ರೆ ನನಗದು ಸ್ಪೋರ್ಟ್ಸ್ ಕಾರೇ. ಎಷ್ಟೋ ವರ್ಷ ಆಸೆಪಟ್ಟು ಕೊನೆಗೂ ತಗೊಂಡೆ, ಮೀಟರಲ್ಲಿ 58,000 ಕಿಮೀ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಇದ್ಯಾ ಅಂತ ಕೇಳಿದ್ರೆ ಮಾರಿದವ್ರು ‘ಇದ್ರಲ್ಲಿ ಚೈನ್ ಸಾರ್, ಬೆಲ್ಟಿನ ತಲೆನೋವೇ ಇಲ್ಲ’ ಅಂದ್ರು.

ಅದು ಅರ್ಧ ನಿಜ. ಈ ಇಂಜಿನ್ನಲ್ಲಿ ಪಿಸ್ಟನ್ನುಗಳಿಂದ ತಿರುಗೋ ಕ್ರ್ಯಾಂಕ್ ಶಾಫ್ಟಿಂದ, ಹೊಗೆ ಹೊರಗೆ ಬಿಡೋ ವಾಲ್ವುಗಳನ್ನ ತೆರೆಯೋ ಎಕ್ಸಾಸ್ಟ್ ಕ್ಯಾಮ್ ತಿರುಗ್ಸೋದು ರಬ್ಬರ್ ಬೆಲ್ಟು, ಅಲ್ಲಿಂದ ಗಾಳಿ ಒಳಗೆ ಬಿಡೋ ವಾಲ್ವುಗಳ ಇನ್‌ಟೇಕ್ ಕ್ಯಾಮಿಗೆ ಮಾತ್ರ ಒಂದು ಸಣ್ಣ ಚೈನ್. 2011ರಲ್ಲಿ ಬಂದ ಸ್ಕೋಡಾದ ಇನ್ನೊಂದು ಗಾಡಿ ಲಾರಾ ಆರ್‌ಎಸ್‌ನ ಟಿಎಸ್‌ಐ ಇಂಜಿನ್ನಿಗೆ ಟೈಮಿಂಗ್ ಚೈನ್ ಇದೆ, ಜನ ಎರಡನ್ನೂ ಕಲಸಿಬಿಡ್ತಾರೆ. ನಮ್ಮ ಇಂಜಿನ್ನಲ್ಲಿ ಬೆಲ್ಟ್ ಕಟ್ಟಾದ್ರೆ ಒಂದೊಂದು ಸಿಲಿಂಡರಿಗೆ 5ರಂತೆ ಇರೋ 20 ವಾಲ್ವುಗಳಲ್ಲಿ ಯಾವುದು ತೆರೆದಿರುತ್ತೋ ಅದಕ್ಕೆ ಪಿಸ್ಟನ್ ಬಂದು ಬಡಿಯುತ್ತೆ, ವಾಲ್ವ್ ಬೆಂಡಾಗುತ್ತೆ, ಆಮೇಲೆ ಇಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚದೆ ಬೇರೆ ದಾರಿ ಇಲ್ಲ.

ಒಂದು ಗ್ಯಾರೇಜಿನವ್ರು ಕಿಮೀ ನೋಡಿ ಇನ್ನೂ ಟೈಮಿದೆ ಬಿಡಿ ಅಂದ್ರು, ಇನ್ನೊಬ್ರು ಸಸ್ಪೆನ್ಷನ್ನಿಂದ ಹಿಡಿದು ಇಂಜೆಕ್ಟರ್ ತನಕ ಎರಡು ಪುಟದ ಪಟ್ಟಿ ಕೊಟ್ರು. ಎರಡೂ ಒಪ್ಪಿಗೆ ಆಗ್ಲಿಲ್ಲ. ರಬ್ಬರಿಗೆ ವಯಸ್ಸಾಗೋದು ಬಿಸಿಗೆ ಮತ್ತು ವರ್ಷಕ್ಕೆ, ಗಾಡಿ ಶೆಡ್ಡಲ್ಲಿ ಸುಮ್ನೆ ನಿಂತಿದ್ರೂ ಆಗುತ್ತೆ. ಇನ್ನು ನಮ್ಮ ಬೆಂಗಳೂರಲ್ಲಂತೂ ಸಂಜೆ ಸಿಲ್ಕ್ ಬೋರ್ಡಲ್ಲಿ ಅರ್ಧ ಗಂಟೆ ಸಿಕ್ಕಾಕ್ಕೊಂಡ್ರೆ ಇಂಜಿನ್ ತಿರುಗ್ತಾನೇ ಇರುತ್ತೆ, ಬೆಲ್ಟೂ ತಿರುಗ್ತಾನೇ ಇರುತ್ತೆ, ಮೀಟರ್ ಮಾತ್ರ ನಿಂತಲ್ಲೇ ನಿಂತಿರುತ್ತೆ, ಹಾಗಾಗಿ 58,000 ಅನ್ನೋದು ಬೆಲ್ಟಿನ ದುಡಿಮೆಯ ಲೆಕ್ಕ ಅಲ್ವೇ ಅಲ್ಲ. ಅದೂ ಮೀಟರನ್ನ ಯಾರೂ ಹಿಂದಕ್ಕೆ ತಿರುಗ್ಸಿಲ್ಲ ಅಂತಿಟ್ಕೊಂಡ್ರೆ.

ಒಂದು ಭಾನುವಾರ ನಾನೇ ಮೇಲಿನ ಕವರಿನ ಕ್ಲಿಪ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಬೆಲ್ಟ್ ಬೆನ್ನಿನ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿತ್ತು, ಒಂದು ಅಂಚಲ್ಲಿ ನೂಲು ಎದ್ದಿತ್ತು, ಕೆಳಗಡೆ ವಾಟರ್ ಪಂಪ್ ಹತ್ರ ಕೂಲಂಟ್ ಜಿನುಗಿ ಒಣಗಿದ ಗುಲಾಬಿ ಬಣ್ಣದ ಕಲೆ, ಉಗುರಲ್ಲಿ ಕೆರೆದ್ರೆ ಉಪ್ಪಿನ ಥರ ಉದುರ್ತಿತ್ತು. ಈ ಪಂಪನ್ನ ತಿರುಗ್ಸೋದೂ ಅದೇ ಬೆಲ್ಟು, ಪಂಪ್ ಜಾಮಾದ್ರೆ ಬೆಲ್ಟೂ ಹೋದಂಗೆ. ಅವತ್ತಿಂದ ಗಾಡಿ ಸ್ಟಾರ್ಟೇ ಮಾಡ್ಲಿಲ್ಲ, ಟೋ ಮಾಡಿಸ್ಕೊಂಡೇ ಹೋದೆ.

ಬೆಲ್ಟ್, ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್, ಪಂಪ್ ಮೂರನ್ನೂ ಒಟ್ಟಿಗೆ ಹಾಕ್ಸಿದೆ, ಒಂದನ್ನ ಹಾಕಿ ಇನ್ನೊಂದು ಬಿಡಬೇಡಿ, ಬಿಚ್ಚೋ ಕೂಲಿ ಒಂದೇ. ಕೂಲಂಟ್, ಬ್ರೇಕ್ ಆಯಿಲ್ಲೂ ಬದಲಾಯಿಸಿದೆ, ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ, ಅದಕ್ಕೂ ಕಿಮೀಗೂ ಸಂಬಂಧ ಇಲ್ಲ. ಎಲ್ಲಾ ಸೇರಿ ₹40,000 ಹತ್ರ ಆಯ್ತು. ಇಂಜೆಕ್ಟರ್, ಬುಷ್ ಎಲ್ಲ ನೋಡಿಸಿ ಸದ್ಯಕ್ಕೆ ಬಿಟ್ಟೆ, ಅವು ಹಾಳಾಗೋ ಮುಂಚೆ ಸದ್ದೋ ನಡುಕವೋ ಮಾಡಿ ಹೇಳ್ತವೆ, ಬೆಲ್ಟ್ ಹೇಳಲ್ಲ.

15 ವರ್ಷ ದಾಟಿದ ಗಾಡಿ ಆರ್‌ಸಿ ರಿನ್ಯೂ ಆಗಿದೆ, ಇನ್ನೇನು ಭಯ ಅಂತಾನೂ ಕೆಲವ್ರು ಅಂತಾರೆ. ಆರ್‌ಟಿಓದಲ್ಲಿ ಬ್ರೇಕು, ಲೈಟು, ಹೊಗೆ ನೋಡ್ತಾರೆ ಹೊರತು ಬೆಲ್ಟ್ ಕವರ್ ಬಿಚ್ಚಿ ಯಾರೂ ನೋಡಲ್ಲ.

ನಿಮ್ಮಲ್ಲಿ ಒಂದು ವಿನಂತಿ, ಗಾಡಿ ಜಾಹೀರಾತಲ್ಲಿ ಮಾಡೆಲ್, ಕಿಮೀ ಜೊತೆ ಬೆಲ್ಟ್ ಬದಲಾಯಿಸಿದ ವರ್ಷಕ್ಕೂ ಒಂದು ಜಾಗ ಇಡಿ. ಖಾಲಿ ಬಿಟ್ರೆ, ಬಿಲ್ ತೋರಿಸ್ದಿದ್ರೆ, ಬದಲಾಯಿಸಿಲ್ಲ ಅಂತಾನೇ ಲೆಕ್ಕ ಹಾಕಿ, ಆ ಕೆಲಸದ ಖರ್ಚನ್ನ ಕೊಳ್ಳೋರು ರೇಟಲ್ಲಿ ಕಳೀಲಿ. ನಾನಂತೂ ತಾರೀಖು, ಕಿಮೀ ಎರಡನ್ನೂ ಬಿಳಿ ಪೇಂಟಲ್ಲಿ ಕವರ್ ಮೇಲೇ ಬರೆದಿಟ್ಟಿದೀನಿ, ನನ್ನ ನಂತರ ಈ ಗಾಡಿ ತಗೊಳ್ಳೋರು ಯಾರನ್ನೂ ಕೇಳಬೇಕಾಗಿಲ್ಲ.

ಒಬ್ಬ ಓದುಗ, ಬೆಂಗಳೂರು